ಬಿದ್ದ ಮೇಲೆ ಐದು ಲಕ್ಷ, ಬೀಳುವ ಮುನ್ನ?

ಮನೆಯ ಹಿರಿಯರು ಬಚ್ಚಲದಲ್ಲಿ ಕಾಲು ಜಾರಿ ಬಿದ್ದರೆ ಜತ್ತ, ಅಕ್ಕಲಕೋಟ ಭಾಗದ ಹಳ್ಳಿಗಳಲ್ಲಿ ಕೇಳಿಬರುವ ಮಾತು ಒಂದೇ: ‘ವಯಸ್ಸಾಗೇದ, ಬಿದ್ರು.’ ಆದರೆ ಬೀಳುವುದು ಹಣೆಬರಹವಲ್ಲ. ಎಷ್ಟೋ ಸಲ ಅದನ್ನು ತಡೆಯಬಹುದು.

ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜು ಮಾಡಿದೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಬದುಕಿ ಉಳಿದವರ ಪಾಡೂ ಸುಲಭದ್ದಲ್ಲ. ಸೊಂಟದ ಕೀಲು ಮುರಿದರೆ ಸೋಲಾಪುರಕ್ಕೋ ಮಿರಜಕ್ಕೋ ಓಡಬೇಕು. ಆಪರೇಶನ್ ಆದ ಮೇಲೆ ತಿಂಗಳುಗಟ್ಟಲೆ ಹಾಸಿಗೆ. ಮಗನೋ ಸೊಸೆಯೋ ಕೂಲಿ ಬಿಟ್ಟು ಮನೆಯಾಗ ಕೂಡಬೇಕು. ಈ ಖರ್ಚು ಯಾವ ಬಿಲ್ಲಿನಲ್ಲೂ ಬರೋದಿಲ್ಲ.

70 ದಾಟಿದವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಚಿಕಿತ್ಸೆಯನ್ನು ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ ಜಾರಿಗೆ ತಂದಿತು. ಅದೇ ವರ್ಷ ಮಹಾರಾಷ್ಟ್ರ ಸರಕಾರ ವಯೋಶ್ರೀ ಯೋಜನೆಯಲ್ಲಿ 65 ದಾಟಿದ ಅರ್ಹರಿಗೆ ಕೋಲು, ಕನ್ನಡಕದಂಥ ಸಾಧನಗಳಿಗಾಗಿ 3 ಸಾವಿರ ರೂಪಾಯಿ ಘೋಷಿಸಿತು. ಎರಡೂ ಒಳ್ಳೆಯವೇ. ಆದರೆ ಒಂದು ಬಿದ್ದ ಮೇಲಿನ ಮಾತು. ಇನ್ನೊಂದು ಕೈಗೆ ಕೋಲು ಕೊಡುತ್ತದೆ, ಕಾಲಿಗೆ ಬಲ ಕೊಡುವುದಿಲ್ಲ.

ಕಾಲಿಗೆ ಬಲ ಬರುವ ದಾರಿ ಗೊತ್ತಿಲ್ಲದ್ದೇನಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದರು. ಕುರ್ಚಿಯಿಂದ ಕೈ ಊರದೆ ಏಳುವುದು, ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಆಸರೆ ಹಿಡಿದು ಒಂದೇ ಕಾಲ ಮೇಲೆ ನಿಲ್ಲುವುದು. ವಾರಕ್ಕೆ ಮೂರು ಸಲ, ಅರ್ಧ ತಾಸು. ಅವರ ಪರೀಕ್ಷೆಗಳಲ್ಲಿ ಬೀಳುವುದು ಸುಮಾರು ಶೇ. 35ರಷ್ಟು ಕಡಿಮೆಯಾಯಿತು. ಒಂದು ಪರೀಕ್ಷೆಯಲ್ಲಂತೂ ಕಲಿಸಿದವರು ತರಬೇತಿ ಪಡೆದ ನರ್ಸುಗಳು, ದೊಡ್ಡ ಡಾಕ್ಟರರಲ್ಲ.

ಈಗ ಮೊಬೈಲಿನಲ್ಲೂ ಇಂಥ ಪಾಠಗಳಿವೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ 503 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷ ಮನೆಯಲ್ಲೇ ಟ್ಯಾಬ್ ನೋಡಿ ಕಲಿತವರು ಬೀಳುವುದು ಶೇ. 16ರಷ್ಟು ಇಳಿಯಿತು. ಹಾಗಂತ ಅಜ್ಜಿಯ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗುವಂತಿಲ್ಲ. ಮೊದಲ ಪಾಠಕ್ಕೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. ತಪ್ಪಿ ನಿಂತರೆ ತಡೆಯುವ ವ್ಯಾಯಾಮವೇ ಬೀಳಿಸೀತು.

ಭಾಷೆಯ ಪ್ರಶ್ನೆ ಬರುವುದೂ ಇಲ್ಲಿಯೇ. ಇದು ಗಡಿ ಜಗಳವಲ್ಲ. ಮರಾಠಿಯಲ್ಲಿ ಹೇಳಿದ್ದು ಮೊಮ್ಮಕ್ಕಳಿಗೆ ತಿಳಿದೀತು, ಹುಟ್ಟಿದಾಗಿನಿಂದ ಕನ್ನಡವನ್ನೇ ಆಡಿದ ಅಜ್ಜಿಗೆ ತಿಳಿಯಬೇಕಲ್ಲ? ಯಾವ ಕಾಲು ಎತ್ತಬೇಕು, ಯಾವುದನ್ನು ಊರಬೇಕು ಅನ್ನೋದು ಆಕೆಯ ಮಾತಿನಲ್ಲೇ ಇರಬೇಕು.

ಸಾಂಗಲಿ, ಸೋಲಾಪುರ ಜಿಲ್ಲಾ ಪರಿಷತ್ತುಗಳು ಮನಸ್ಸು ಮಾಡಿದರೆ ಕಷ್ಟವೇನಿಲ್ಲ. ಫಿಜಿಯೋಥೆರಪಿಸ್ಟ್ ಒಬ್ಬರಿಂದ ಆಶಾ ಕಾರ್ಯಕರ್ತೆಯರಿಗೆ ತರಬೇತಿ, ಸಮಾಜ ಮಂದಿರದಲ್ಲಿ ವಾರಕ್ಕೆರಡು ವರ್ಗ, ಮನೆಯಲ್ಲಿ ಮುಂದುವರಿಸಲು ಕನ್ನಡದಲ್ಲೊಂದು ವಿಡಿಯೋ. ಜಾಗ ಇದೆ, ಜನ ಇದ್ದಾರೆ.

ಸರಕಾರ ಬರುವ ತನಕ ಮನೆಯವರೂ ಕೈಕಟ್ಟಿ ಕೂಡಬೇಕಿಲ್ಲ. ಬಚ್ಚಲದ ಗೋಡೆಗೊಂದು ಹಿಡಿಕೆ, ರಾತ್ರಿ ಎದ್ದು ಹೋಗುವ ದಾರಿಯಲ್ಲೊಂದು ದೀಪ, ಸವೆದ ಚಪ್ಪಲಿಗೆ ವಿದಾಯ, ಕಣ್ಣಿನ ಪೊರೆಯ ತಪಾಸಣೆ. ನಿದ್ದೆ ಗುಳಿಗೆ, ಬಿಪಿ ಗುಳಿಗೆಯಿಂದ ತಲೆ ತಿರುಗಿದರೆ ಡಾಕ್ಟರಿಗೆ ಹೇಳಬೇಕು. ಮುರಿದ ಎಲುಬು ಕೂಡಿಸುವ ಖರ್ಚಿನ ಮುಂದೆ ಇದೆಲ್ಲ ಚಿಲ್ಲರೆ ಲೆಕ್ಕ.