ಜೀವಶಾಸ್ತ್ರ ಕಲಿಸುವವರ, ಕನ್ನಡದಲ್ಲಿ ವಿಜ್ಞಾನ ಬರೆಯುವವರ ಹಕ್ಕೊತ್ತಾಯ ಪತ್ರ

ಇವರಿಗೆ: ಉನ್ನತ ಶಿಕ್ಷಣ ಮತ್ತು ಶಾಲಾ ಶಿಕ್ಷಣ ಇಲಾಖೆಗಳು, ಆರೋಗ್ಯ ಇಲಾಖೆ, ರಾಜ್ಯದ ವಿಶ್ವವಿದ್ಯಾಲಯಗಳು, ಬೆಂಗಳೂರಿನ ಸಂಶೋಧನಾ ಸಂಸ್ಥೆಗಳು, ಕನ್ನಡ ಪತ್ರಿಕೆಗಳ ಸಂಪಾದಕರು



ನಾವು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದವರು. ಬೆಳಿಗ್ಗೆ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು, ಸಂಜೆ ನೀಟ್ ಕೋಚಿಂಗ್‌ನಲ್ಲಿ ಮೇಷ್ಟ್ರು, ರಾತ್ರಿ ಪತ್ರಿಕೆಗೆ ಲೇಖಕರು. ಇಷ್ಟಾದರೂ ಬಾಡಿಗೆ ಮನೆ ಕೇಳಲು ಹೋದಾಗ "ಏನು ಕೆಲಸ ಮಾಡ್ತೀರಿ?" ಎಂದರೆ ಬಾಯಿ ಕಟ್ಟುತ್ತದೆ. ಕಲಿಸುವುದೂ ಬರೆಯುವುದೂ ನಮಗೆ ಒಂದೇ ಕಸುಬು. ನಿಮ್ಮ ಲೆಕ್ಕದಲ್ಲಿ ಮಾತ್ರ ಮೊದಲನೆಯದು ತಾತ್ಕಾಲಿಕ, ಎರಡನೆಯದು ಹವ್ಯಾಸ. ಆ ಲೆಕ್ಕ ತಿದ್ದಿ ಎಂದು ಕೇಳುತ್ತಿದ್ದೇವೆ.

1. ಕನ್ನಡದ ವಿಜ್ಞಾನ ಬರಹಕ್ಕೆ ಅಂಕ ಕೊಡಿ. ಅಧ್ಯಾಪಕರ ನೇಮಕಾತಿಗೆ ಯುಜಿಸಿ ಮಾಡಿದ 2018ರ ನಿಯಮಾವಳಿಯ ಅಂಕಪಟ್ಟಿಯಲ್ಲಿ ವಿಜ್ಞಾನದ ಒಂದು ಸಂಶೋಧನಾ ಲೇಖನಕ್ಕೆ 8, ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10. ಪತ್ರಿಕೆಯಲ್ಲಿ ಹತ್ತು ವರ್ಷ ಅಂಕಣ ಬರೆದರೂ ಅದಕ್ಕೊಂದು ಸಾಲಿಲ್ಲ. ಸಸ್ಯಶಾಸ್ತ್ರದ ಮೇಷ್ಟ್ರು ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವವೇ 'ಹಸುರು ಹೊನ್ನು' ಆಯಿತು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಈ ಪಟ್ಟಿಯ ಮುಂದೆ ಅದಕ್ಕೆ ಸಿಗುವುದು ಹೆಚ್ಚೆಂದರೆ ಒಂದೂಕಾಲು ಸಂಶೋಧನಾ ಲೇಖನದ ಬೆಲೆ. ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ಕೈಲಿರುವ ಆಯ್ಕೆಗಳಲ್ಲಾದರೂ ಜನಪ್ರಿಯ ವಿಜ್ಞಾನದ ಲೇಖನ, ಬಾನುಲಿ ಭಾಷಣ, ಅನುವಾದಗಳನ್ನು ಪರಿಗಣಿಸಬೇಕು.

2. ಹನ್ನೆರಡು ತಿಂಗಳ ಸಂಬಳ. ಅತಿಥಿ ಉಪನ್ಯಾಸಕರಿಗೆ ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಯುಜಿಸಿ 2019ರಲ್ಲೇ ಹೇಳಿದೆ. ನಮ್ಮ ರಾಜ್ಯ, ದೊಡ್ಡ ಮುಷ್ಕರದ ಬಳಿಕ, 2022ರ ಜನವರಿಯಲ್ಲಿ ನಿಗದಿ ಮಾಡಿದ್ದು ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರ; ಆಮೇಲೆ ಒಂದಿಷ್ಟು ಸೇರಿದೆ. ಮೊತ್ತಕ್ಕಿಂತ ನಮ್ಮನ್ನು ಹಣ್ಣು ಮಾಡುವುದು ಸಂಬಳವಿಲ್ಲದ ರಜೆಯ ತಿಂಗಳುಗಳು. ಅತಿಥಿ ಎಂದು ಕರೆದು ಹತ್ತು ವರ್ಷ ಜಗಲಿಯಲ್ಲೇ ಕೂರಿಸುವ ಪದ್ಧತಿ ಯಾವ ಮನೆಯಲ್ಲೂ ಇಲ್ಲ.

3. ಪ್ರಯೋಗಾಲಯ. ಪ್ರಾಣಿಛೇದನವನ್ನು ಹಂತಹಂತವಾಗಿ ಕೈಬಿಡಲು ಯುಜಿಸಿ 2011ರಲ್ಲಿ ಹೇಳಿತು, 2014ರಲ್ಲಿ ನಿಲ್ಲಿಸಿಯೇಬಿಟ್ಟಿತು. ಕಪ್ಪೆಗಳು ಉಳಿದವು, ನಮಗೂ ಸಂತೋಷವೇ. ಆದರೆ ಆ ಜಾಗಕ್ಕೆ ಬಂದದ್ದು ಗೋಡೆಯ ಮೇಲಿನ ಮಾಸಿದ ಚಾರ್ಟು. ಈರುಳ್ಳಿಯ ಬೇರಿನ ತುದಿ ಹಿಸುಕಿ, ಬಣ್ಣ ಹಾಕಿ ಕೋಶವಿಭಜನೆ ತೋರಿಸಲು ಈರುಳ್ಳಿ ನಾವೇ ಮನೆಯಿಂದ ತರುತ್ತೇವೆ. ನಲವತ್ತು ಮಕ್ಕಳು ಒಂದೇ ಮೈಕ್ರೋಸ್ಕೋಪಿನ ಮುಂದೆ ಸಾಲು ನಿಂತರೆ ಕೊನೆಯವಳ ಸರದಿ ಬರುವ ಹೊತ್ತಿಗೆ ಸ್ಲೈಡು ಒಣಗಿರುತ್ತದೆ. ಐದು ಮಕ್ಕಳಿಗೊಂದು ಮೈಕ್ರೋಸ್ಕೋಪು, ಸೆಮಿಸ್ಟರಿಗೊಂದು ಹೊರಸಂಚಾರದ ಬಸ್ ಖರ್ಚು ಕೊಡಿ.

4. ಹತ್ತರಿಂದ ಹನ್ನೊಂದಕ್ಕೆ ಸೇತುವೆ. ಎಸ್ಸೆಸ್ಸೆಲ್ಸಿವರೆಗೆ 'ದ್ಯುತಿಸಂಶ್ಲೇಷಣೆ', 'ಪತ್ರಹರಿತ್ತು', 'ಅಭಿಸರಣೆ' ಎಂದು ಕಲಿತು ತೊಂಬತ್ತು ಅಂಕ ತೆಗೆದ ಹುಡುಗಿ ಪಿಯುಸಿಯ ಮೊದಲ ವಾರ 'ಫೋಟೋಸಿಂಥೆಸಿಸ್', 'ಕ್ಲೋರೋಫಿಲ್', 'ಆಸ್ಮೋಸಿಸ್' ಕೇಳಿ ಹೊಸ ಊರಿಗೆ ಬಂದವಳಂತೆ ಕೂರುತ್ತಾಳೆ. ವಿಷಯ ಅವಳಿಗೆ ಗೊತ್ತು, ಅದಕ್ಕೆ ಇಟ್ಟ ಹೆಸರು ಬೇರೆ. ಎಷ್ಟೋ ಮಂದಿ ಅಲ್ಲಿಂದಲೇ ಕಲಾ ವಿಭಾಗಕ್ಕೆ ಎದ್ದು ಹೋಗುತ್ತಾರೆ. ಮೊದಲ ನಾಲ್ಕು ವಾರ ಎರಡೂ ಭಾಷೆಯಲ್ಲಿ ಪಾಠ ಮಾಡಲು ಅವಕಾಶ ಬೇಕು, ಆ ಗಂಟೆಗಳು ಕಾರ್ಯಭಾರದಲ್ಲಿ ಸೇರಬೇಕು. ಪದಕೋಶವನ್ನು ತರಗತಿಯಲ್ಲಿ ನಿಂತು ಕಲಿಸುವವರಿಂದ ಮಾಡಿಸಿ. ಎಲ್ಲವನ್ನೂ ಸಂಸ್ಕೃತಕ್ಕೆ ಎತ್ತಬೇಕೆಂಬ ಹಟ ನಮಗಿಲ್ಲ. ಡಿಎನ್‌ಎ ಡಿಎನ್‌ಎಯಾಗಿಯೇ ಇರಲಿ.

5. ಜೀವವಿಕಾಸದ ಪಾಠ ಮರಳಿ ಬರಲಿ. ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ 'ಅನುವಂಶೀಯತೆ ಮತ್ತು ಜೀವವಿಕಾಸ' ಅಧ್ಯಾಯದ ಎರಡನೆಯ ಅರ್ಧ ಕಿತ್ತಾಗ, 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹತ್ತರ ಬಳಿಕ ಜೀವಶಾಸ್ತ್ರ ಬಿಡುವ ಮಕ್ಕಳಿಗೆ ಡಾರ್ವಿನ್ ಮತ್ತೆ ಎದುರಾಗುವುದಿಲ್ಲ. ರಾಜ್ಯವು ಪೂರಕ ಪಾಠವಾಗಿಯಾದರೂ ಅದನ್ನು ಅಚ್ಚು ಮಾಡಿ ಹಂಚಲಿ. ಬರೆದುಕೊಡಲು ನಾವು ಸಿದ್ಧ, ಸಂಭಾವನೆಗೆ.

6. ಜಿಲ್ಲೆಗೊಂದು ವಿಜ್ಞಾನ ಸಂವಹನಕಾರರ ಹುದ್ದೆ ಸೃಷ್ಟಿಸಿ. ಯಾಕೆ ಎಂಬುದಕ್ಕೆ ಮಲೆನಾಡಿನ ಒಂದು ಹೆಸರೇ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗಕ್ಕೆ ಊರಲ್ಲಿ ನಿಂತ ಹೆಸರು ಮಂಗನ ಕಾಯಿಲೆ. ಪಾಪ, ಮಂಗವೂ ಮನುಷ್ಯನಂತೆ ಅದಕ್ಕೆ ಬಲಿಯಾಗುವ ಪ್ರಾಣಿ. ವೈರಾಣುವನ್ನು ದಾಟಿಸುವುದು ಉಣುಗು. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ನೆಲದಲ್ಲಿ ಕಾದಿರುತ್ತವೆ, ಅದಕ್ಕೇ ಹತ್ತಿರ ಹೋಗಬಾರದು. ಉಣುಗಿನ ಮರಿಗಳು ಚುರುಕಾಗುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ. ಜನ ತರಗೆಲೆ, ಸೌದೆ ತರಲು ಕಾಡಿಗೆ ಹೋಗುವುದೂ ಆಗಲೇ. ಕಾಡಿಗೆ ಹೋಗಬೇಡಿ ಎಂದಷ್ಟೇ ಅಚ್ಚಾದ ಕರಪತ್ರವನ್ನು ಓದಿದ ಗೃಹಿಣಿ ನಕ್ಕು ಅದರಲ್ಲೇ ಒಲೆ ಹಚ್ಚುತ್ತಾಳೆ. ಕಾರಣ ಹೇಳಿದರೆ ಕೇಳುವವಳು ಅವಳು. ಕೊಟ್ಟಿಗೆಯ ದನದ ಮೈಯಲ್ಲಿ ಉಣುಗು ನೋಡುತ್ತಲೇ ಬೆಳೆದವಳಿಗೆ ಅದರ ಜೀವನಚಕ್ರ ಅರ್ಥ ಮಾಡಿಸುವುದು ಕಷ್ಟವಲ್ಲ, ಅದಕ್ಕೆ ಜೀವಶಾಸ್ತ್ರವೂ ಆ ಸೀಮೆಯ ಮಾತೂ ಎರಡೂ ಗೊತ್ತಿರುವವರು ಬೇಕು. ಅಂಥವರು ರಾಜ್ಯದಲ್ಲಿ ಇದ್ದಾರೆ, ಕೆಲಸವಿಲ್ಲದೆ ಇದ್ದಾರೆ. ರೋಗ ಹಬ್ಬಿದ ಮೇಲೆ ಇಂಗ್ಲಿಷ್ ಸುತ್ತೋಲೆಯನ್ನು ರಾತ್ರೋರಾತ್ರಿ ಕನ್ನಡ ಮಾಡಿಸುವುದಕ್ಕೆ ಸಂವಹನ ಎನ್ನಬೇಡಿ.

7. ಸಂಶೋಧನಾ ಸಂಸ್ಥೆಗಳು ತಮ್ಮ ಪತ್ರಿಕಾ ಪ್ರಕಟಣೆಯನ್ನು ಕನ್ನಡದಲ್ಲೂ ಕೊಡಲಿ, ಬರೆದವರ ಹೆಸರು ಹಾಕಲಿ. "ಸ್ವಲ್ಪ ಅನುವಾದ ಮಾಡಿಕೊಡಿ, ನಾಳೆ ಬೆಳಿಗ್ಗೆಗೆ" ಎಂಬ ಫೋನಿಗೆ ಇನ್ನು ಮುಂದೆ ದರ ಇರುತ್ತದೆ.

8. ಪತ್ರಿಕೆಗಳು ಗೌರವಧನವನ್ನು ಮೊದಲೇ ಹೇಳಿ, ಪ್ರಕಟವಾದ ಮೂವತ್ತು ದಿನದೊಳಗೆ ಕೊಡಬೇಕು. ನಮ್ಮಲ್ಲೊಬ್ಬರಿಗೆ ಎಂಟು ತಿಂಗಳ ಬಳಿಕ ಬಂದದ್ದು ಒಂದು ಗೌರವಪ್ರತಿ ಮಾತ್ರ, ಅದರಲ್ಲೂ ಶಿಲೀಂಧ್ರದ ಲೇಖನಕ್ಕೆ ಪಾಚಿಯ ಚಿತ್ರ.

9. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಶಿಕ್ಷಕರ ತರಬೇತಿಯಂಥವಕ್ಕೆ ಅತಿಥಿ ಉಪನ್ಯಾಸಕರು ಹೋದರೆ ಆ ದಿನಗಳ ಸಂಬಳ ಕಡಿಯಬಾರದು.

10. ಉತ್ತರ ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಬರಲಿ. ಮುಂದಿನ ವರ್ಷ ನಮ್ಮಲ್ಲಿ ಯಾರು ಯಾವ ಕಾಲೇಜಿನಲ್ಲಿ ಇರುತ್ತೇವೆ ಎಂಬುದು ನಮಗೇ ತಿಳಿಯದು. ತಡವಾದರೆ ನಿಮ್ಮ ಪತ್ರ "ವಿಳಾಸದಾರರು ಇಲ್ಲ" ಎಂಬ ಷರಾದೊಂದಿಗೆ ನಿಮಗೇ ಮರಳೀತು.