ಮುನಿರ್ಕಾದ ಹೊಸ್ತಿಲಲ್ಲಿ ಪೂರ್ವದ ಗಡಿ

ದಕ್ಷಿಣ ದೆಹಲಿಯ ಮುನಿರ್ಕಾ ಗ್ರಾಮಕ್ಕೂ ಭಾರತದ ನೆರೆಹೊರೆಯ ನೀತಿಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜವಾದುದು. ರಾಯಭಾರ ಕಚೇರಿಗಳಿರುವುದು ಕೆಲವು ಕಿಲೋಮೀಟರ್ ಆಚೆಗಿನ ಚಾಣಕ್ಯಪುರಿಯಲ್ಲಿ. ಅಂತರರಾಷ್ಟ್ರೀಯ ರಾಜಕಾರಣದ ಪಾಠ ನಡೆಯುವುದು ನೆರೆಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ. ಮುನಿರ್ಕಾದಲ್ಲಿರುವುದು ಇಕ್ಕಟ್ಟಾದ ಗಲ್ಲಿಗಳು, ಒಂದರ ಮೇಲೊಂದು ಏರಿದ ಅಂತಸ್ತುಗಳು, ತಲೆಯ ಮೇಲೆ ಜೋತುಬಿದ್ದ ತಂತಿಗಳು ಮತ್ತು ಬಾಡಿಗೆಯ ಚೀಟಿಗಳು. ಆದರೆ ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ, ಅರುಣಾಚಲಗಳಿಂದ ಓದಲೆಂದೂ ದುಡಿಯಲೆಂದೂ ರಾಜಧಾನಿಗೆ ಬರುವ ಸಾವಿರಾರು ಯುವಜನರು ‘ಭಾರತ’ವೆಂಬುದನ್ನು ಮೊದಲು ಮುಖಾಮುಖಿ ಕಾಣುವುದು ಇಂಥ ಗಲ್ಲಿಗಳಲ್ಲಿಯೇ. ಅವರು ಹುಟ್ಟಿದ ನಾಡು ಮ್ಯಾನ್ಮಾರ್, ಚೀನಾ, ಬಾಂಗ್ಲಾದೇಶಗಳಿಗೆ ತಾಗಿಕೊಂಡಿದೆ. ಪೂರ್ವದ ನೆರೆಯವರೊಡನೆ ದೇಶ ಹೇಗೆ ನಡೆದುಕೊಳ್ಳುತ್ತದೆಂಬುದರ ಒಂದು ಪರೀಕ್ಷೆ, ಆ ನೆರೆಯವರನ್ನು ಹೋಲುವ ತನ್ನದೇ ಪ್ರಜೆಗಳೊಡನೆ ಅದು ಹೇಗೆ ನಡೆದುಕೊಳ್ಳುತ್ತದೆಂಬುದು.

ಕನ್ನಡಿಗರಿಗೆ ಈ ಪ್ರದೇಶ ಅಪರಿಚಿತವಲ್ಲ. ದೆಹಲಿ ಕರ್ನಾಟಕ ಸಂಘದ ಕಟ್ಟಡವಿರುವುದು ಸಮೀಪದ ರಾವ್ ತುಲಾರಾಮ್ ಮಾರ್ಗದಲ್ಲಿ. ನೆಹರು ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಪೀಠವಿದೆ. ಅದೇ ಪರಿಸರದಲ್ಲಿರುವ ಕುಂದಕುಂದ ಭಾರತಿ ಸಂಸ್ಥೆಗೆ ಪ್ರೇರಕರಾಗಿದ್ದ ಆಚಾರ್ಯ ವಿದ್ಯಾನಂದ ಮುನಿಗಳು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ. ದೂರದಿಂದ ಬಂದವರಿಗೆ ರಾಜಧಾನಿ ಜಾಗ ಕೊಟ್ಟಿತೆಂಬುದಕ್ಕೆ ಕನ್ನಡ ಜೈನರೇ ಸಾಕ್ಷಿ. ಆ ಜಾಗ ಎಲ್ಲರಿಗೂ ಒಂದೇ ಅಳತೆಯಲ್ಲಿ ದೊರೆಯಲಿಲ್ಲ.

ಮುನಿರ್ಕಾದ ಮೂಲನಿವಾಸಿಗಳ ಪಕ್ಷವನ್ನೂ ಹೇಳಬೇಕು. ಸುತ್ತಲಿನ ಬಡಾವಣೆಗಳಿಗೂ ವಿಶ್ವವಿದ್ಯಾಲಯಕ್ಕೂ ಅವರ ಹೊಲಗಳು ಹೋದವು. ಉಳಿದದ್ದು ಮನೆಯ ತಾಣ ಮಾತ್ರ. ಬೆಳೆಯ ಜಾಗದಲ್ಲಿ ಬಾಡಿಗೆ ಬಂತು. ಹೀಗೆ ನೆಲ ಕಳೆದುಕೊಂಡವರೂ ಊರು ಬಿಟ್ಟು ಬಂದವರೂ ಒಂದೇ ಮೆಟ್ಟಿಲಿನ ಮೇಲೆ ಕೆಳಗೆ ಬಾಳುವ ಸ್ಥಿತಿ ನಿರ್ಮಾಣವಾಯಿತು. ಇಬ್ಬರಲ್ಲಿ ಬೀಗದ ಕೈ ಇದ್ದದ್ದು ಒಬ್ಬರ ಬಳಿ.

2014ರ ಜನವರಿಯ ಕೊನೆಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯ ಲಾಜಪತ್ ನಗರದಲ್ಲಿ ಹಲ್ಲೆಗೊಳಗಾಗಿ ಮೃತನಾದನು. ಜಗಳ ಆರಂಭವಾದದ್ದು ಅವನ ಕೇಶವಿನ್ಯಾಸ ಕುರಿತ ಗೇಲಿಯಿಂದ. ಮರುತಿಂಗಳು ಮುನಿರ್ಕಾದಲ್ಲಿಯೇ ಮಣಿಪುರದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಪ್ರತಿಭಟನೆಗಳಾದವು. ಅದರ ಬೆನ್ನಿಗೇ, ಈಶಾನ್ಯದ ಬಾಡಿಗೆದಾರರನ್ನು ತೆರವುಗೊಳಿಸಬೇಕೆಂಬ ಮಾತು ಸ್ಥಳೀಯರ ನಡುವೆ ಎದ್ದಿತೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಅನ್ಯಾಯಕ್ಕೆ ಒಳಗಾದವರೇ ಊರು ಬಿಡಬೇಕೆಂಬ ಈ ತರ್ಕ ವಿಚಿತ್ರವಾಗಿ ಕಂಡರೂ ಅಪರೂಪದ್ದಲ್ಲ. ಕೇಂದ್ರ ಸರ್ಕಾರ ಎಂ.ಪಿ. ಬೆಜಬರುವಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು; ಅದು ಜುಲೈನಲ್ಲಿ ವರದಿ ಒಪ್ಪಿಸಿ, ಜನಾಂಗೀಯ ನಿಂದನೆಯನ್ನು ಶಿಕ್ಷಾರ್ಹವಾಗಿಸುವ ಹೊಸ ಕಲಮುಗಳನ್ನು ಸೂಚಿಸಿತು. ಅವು ಬಹುಕಾಲ ಕಡತದಲ್ಲಿಯೇ ಉಳಿದವು.

ಅದೇ 2014ರ ನವೆಂಬರಿನಲ್ಲಿ ಪ್ರಧಾನಮಂತ್ರಿಗಳು ಮ್ಯಾನ್ಮಾರಿನ ನೇಪಿಡಾದಲ್ಲಿ ನಡೆದ ಶೃಂಗಸಭೆಯಲ್ಲಿ ‘ಆಕ್ಟ್ ಈಸ್ಟ್’ ನೀತಿಯನ್ನು ಸಾರಿದರು. ನರಸಿಂಹರಾಯರ ಕಾಲದ ‘ಲುಕ್ ಈಸ್ಟ್’ಗೆ ಇದು ಮುಂದಿನ ಹೆಜ್ಜೆ ಎನಿಸಿತು. ಈ ನೀತಿಯ ನಕ್ಷೆಯಲ್ಲಿ ಈಶಾನ್ಯವೇ ಹೆಬ್ಬಾಗಿಲು. ಮಣಿಪುರದ ಮೋರೆಯಿಂದ ಮ್ಯಾನ್ಮಾರಿನ ಮೂಲಕ ಥಾಯ್ಲೆಂಡಿನ ಮೇ ಸೋತ್‌ವರೆಗೆ ಸುಮಾರು 1,360 ಕಿ.ಮೀ. ಹೆದ್ದಾರಿ, ಕಲದಾನ್ ನದಿಯ ಮೂಲಕ ಮಿಜೋರಾಂ ತಲುಪುವ ಸರಕು ಮಾರ್ಗ, ಹೀಗೆ ಯೋಜನೆಗಳು ಸಾಲುಗಟ್ಟಿದವು. ಸಿತ್ವೆ ಬಂದರು 2023ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ಅದೇ ತಿಂಗಳ 3ರಂದು ಮಣಿಪುರದಲ್ಲಿ ಹಿಂಸೆ ಭುಗಿಲೆದ್ದು ಹೆದ್ದಾರಿಯ ಬಾಗಿಲಾದ ಮೋರೆಯೇ ಹೊತ್ತಿ ಉರಿಯಿತು. ಬಾಗಿಲನ್ನು ಹೊಗಳುತ್ತ ಬಾಗಿಲಲ್ಲಿ ನಿಂತವರನ್ನು ಮರೆಯುವುದು ಈ ನೀತಿಯ ಹಳೆಯ ದೋಷ.

ಗಡಿಯ ವಿಷಯದಲ್ಲಿಯೂ ಅದೇ. ಭಾರತ ಮತ್ತು ಮ್ಯಾನ್ಮಾರಿನ ನಡುವಣ 1,643 ಕಿ.ಮೀ. ಗಡಿಯ ಎರಡೂ ಬದಿಯಲ್ಲಿ ಒಂದೇ ಕುಲದ ನಾಗರು, ಮಿಜೋ ಹಾಗೂ ಚಿನ್ ಬಂಧುಗಳು, ಕುಕಿಗಳು ಬಾಳುತ್ತಾರೆ. ನಾಗಾಲ್ಯಾಂಡಿನ ಲೋಂಗ್ವಾ ಗ್ರಾಮದಲ್ಲಿ ಮುಖ್ಯಸ್ಥನ ಮನೆಯ ಮೂಲಕವೇ ಗಡಿರೇಖೆ ಹಾಯುತ್ತದೆ. ಗಡಿಯಿಂದ 16 ಕಿ.ಮೀ. ಒಳಗಿನವರಿಗೆ ವೀಸಾ ಇಲ್ಲದೆ ಓಡಾಡಲು ಇದ್ದ ಮುಕ್ತ ಸಂಚಾರ ವ್ಯವಸ್ಥೆಯನ್ನು ಕೊನೆಗೊಳಿಸುವುದಾಗಿ 2024ರ ಫೆಬ್ರುವರಿಯಲ್ಲಿ ಗೃಹ ಸಚಿವಾಲಯ ಪ್ರಕಟಿಸಿತು. ಮಿಜೋರಾಂ ಮತ್ತು ನಾಗಾಲ್ಯಾಂಡ್ ವಿಧಾನಸಭೆಗಳು ಅದನ್ನು ವಿರೋಧಿಸಿ ನಿರ್ಣಯ ಕೈಗೊಂಡವು. ಮಾದಕ ವಸ್ತು, ಶಸ್ತ್ರಾಸ್ತ್ರ ಮತ್ತು ಬಂಡುಕೋರರ ಓಡಾಟದ ಬಗ್ಗೆ ಸರ್ಕಾರಕ್ಕಿರುವ ಆತಂಕ ಕಲ್ಪಿತವಲ್ಲ. ಆದರೂ ಗಡಿಯಲ್ಲಿ ಕಣ್ಣಾಗಿ ನಿಲ್ಲಬೇಕಾದವರು ಗಡಿಯ ಜನರೇ ಅಲ್ಲವೇ? ಆ ಜನರ ಮಕ್ಕಳಿಗೆ ರಾಜಧಾನಿಯಲ್ಲಿ ‘ನೀನು ಯಾವ ದೇಶದವಳು?’ ಎಂಬ ಪ್ರಶ್ನೆ ದಿನನಿತ್ಯ ಎದುರಾಗುತ್ತಿದ್ದರೆ, ಬೇಲಿಯ ಎತ್ತರವೊಂದೇ ಭದ್ರತೆಯನ್ನು ತರಲಾರದು.

ಇದನ್ನು ದೆಹಲಿಯವರ ಒರಟುತನವೆಂದು ತಳ್ಳಿಹಾಕುವ ಅಧಿಕಾರ ಕರ್ನಾಟಕಕ್ಕಿಲ್ಲ. 2012ರ ಆಗಸ್ಟ್ ಮಧ್ಯಭಾಗದಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಕಂಡ ದೃಶ್ಯ ನೆನಪಿನಿಂದ ಮಾಸುವಂಥದಲ್ಲ. ಕೈಗೆ ಸಿಕ್ಕ ಚೀಲ ಹಿಡಿದ ಸಾವಿರಾರು ಈಶಾನ್ಯದವರು ಗುವಾಹಟಿಯ ವಿಶೇಷ ರೈಲುಗಳಿಗಾಗಿ ಕಾದು ನಿಂತಿದ್ದರು. ಜುಲೈನಲ್ಲಿ ಅಸ್ಸಾಮಿನ ಕೊಕ್ರಜಾರಿನಲ್ಲಿ ನಡೆದ ಹಿಂಸೆಗೆ ಬೆಂಗಳೂರಿನಲ್ಲಿ ಸೇಡು ತೀರಿಸಲಾಗುವುದೆಂಬ ಸುಳ್ಳು ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಿದ್ದವು. ಮ್ಯಾನ್ಮಾರಿನ ಹತ್ಯಾಕಾಂಡದ್ದೆಂದು ಹರಡಿದ ಚಿತ್ರಗಳಲ್ಲಿ ಒಂದು, ಭೂಕಂಪದಲ್ಲಿ ಮಡಿದವರ ಶವಗಳ ನಡುವೆ ನಿಂತ ಟಿಬೆಟಿನ ಭಿಕ್ಷುಗಳದ್ದಾಗಿತ್ತು. ಇಂಥ ತಿರುಚಿದ ಚಿತ್ರಗಳಲ್ಲಿ ಬಹುಪಾಲು ಪಾಕಿಸ್ತಾನದಿಂದ ಬಂದವೆಂದು ಅಂದಿನ ಕೇಂದ್ರ ಗೃಹ ಕಾರ್ಯದರ್ಶಿ ಹೇಳಿದರು. ಮೈಸೂರಿನಲ್ಲಿ ಇರಿತಕ್ಕೊಳಗಾದವನು ಈಶಾನ್ಯದವನೂ ಅಲ್ಲ, ಟಿಬೆಟಿನ ಯುವಕ! ಸರ್ಕಾರ ಅಭಯ ನೀಡಿತು, ಸಾಮೂಹಿಕ ಸಂದೇಶಗಳಿಗೆ ಮಿತಿ ಹೇರಿತು. ಆದರೆ ಓಟ ನಿಲ್ಲಲು ದಿನಗಳೇ ಬೇಕಾದವು. ನೆರೆರಾಷ್ಟ್ರಗಳ ಜಗಳ ಮೆಜೆಸ್ಟಿಕ್ಕಿನ ಪ್ಲಾಟ್‌ಫಾರ್ಮಿಗೆ ಬಂದು ತಲುಪಿತ್ತು. ವರ್ಷಗಟ್ಟಲೆ ಒಂದೇ ಬೀದಿಯಲ್ಲಿದ್ದ ನೆರೆಮನೆಯವರ ಮೇಲೆ ಅವರಿಗೆ ನಂಬಿಕೆ ಮೂಡಿದ್ದಿದ್ದರೆ, ಒಂದು ಸಂದೇಶಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ.

ಎಂಟು ವರ್ಷಗಳ ನಂತರ, 2020ರ ಮಾರ್ಚಿನಲ್ಲಿ, ಸೋಂಕಿನ ಭಯದ ದಿನಗಳಲ್ಲಿ ಅದೇ ಮೈಸೂರಿನ ಅಂಗಡಿಯೊಂದು ನಾಗಾಲ್ಯಾಂಡಿನ ಇಬ್ಬರು ವಿದ್ಯಾರ್ಥಿಗಳನ್ನು ಒಳಗೆ ಬಿಡಲಿಲ್ಲ. ಆ ವಾರ ಅವರ ಮುಖ ಚೀನಾದ ಮುಖವಾಗಿತ್ತು.

ಭರತ ಮತ್ತು ಬಾಹುಬಲಿಯರ ಸೈನ್ಯಗಳು ಎದುರುಬದುರಾಗಿ ನಿಂತ ಪ್ರಸಂಗವನ್ನು ಜೈನ ಮನೆಗಳಲ್ಲಿ ಮಕ್ಕಳಿಗೂ ಹೇಳಲಾಗುತ್ತದೆ. ಆದರೆ ಕಥೆ ಹೇಳುವಾಗ ಮಂತ್ರಿಗಳ ಪಾತ್ರವನ್ನು ಬೇಗನೆ ದಾಟಿಬಿಡುವುದು ರೂಢಿ. ಇಬ್ಬರು ಅಣ್ಣತಮ್ಮಂದಿರೂ ಚರಮದೇಹಿಗಳು, ಯುದ್ಧದಿಂದ ಅವರಿಗೆ ಸಾವಿಲ್ಲ. ಸಾಯುವವರು ಜಗಳದಲ್ಲಿ ಪಾಲಿಲ್ಲದ ಸೈನಿಕರು ಎಂಬುದನ್ನು ಕಂಡುಕೊಂಡವರು ಆ ಮಂತ್ರಿಗಳು. ಆದುದರಿಂದಲೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳ ಸಲಹೆ ಬಂತು. ರಾಜತಂತ್ರವೆಂದರೆ ಇದು: ಜಗಳದ ಬೆಲೆಯನ್ನು ಯಾರು ತೆರುತ್ತಾರೆಂದು ಮೊದಲು ನೋಡುವುದು. ದೆಹಲಿಗೂ ಬೀಜಿಂಗಿಗೂ ಮುನಿಸು ಹೆಚ್ಚಿದಾಗ ಅದರ ಬೆಲೆ ತೆರುವವರಲ್ಲಿ ಮುನಿರ್ಕಾದ ಮೂರನೆಯ ಅಂತಸ್ತಿನ ಬಾಡಿಗೆದಾರಳೂ ಇದ್ದಾಳೆ.

ಇಲ್ಲಿ ಜೈನ ಸಮಾಜ ತನ್ನ ಪಾಲನ್ನು ನೋಡಿಕೊಳ್ಳಬೇಕಾಗಿದೆ. ಬೆಂಗಳೂರಿನಲ್ಲಾಗಲಿ ದೆಹಲಿಯಲ್ಲಾಗಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬಾಡಿಗೆಯ ಫಲಕ ಹೊಸತಲ್ಲ. ಅದನ್ನು ತೂಗುಹಾಕುವವರಲ್ಲಿ ಜೈನರೂ ಉಂಟು. ಕಾನೂನು ಅದಕ್ಕೆ ಅಡ್ಡಿ ಬರುವುದಿಲ್ಲ. ಸಂವಿಧಾನದ 15ನೆಯ ವಿಧಿ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಪ್ರವೇಶವನ್ನು ಹೆಸರಿಸುತ್ತದೆ. ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ. ಪಾರ್ಸಿಗಳ ವಸತಿ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸಿದ ನಿಯಮವನ್ನು ಎತ್ತಿಹಿಡಿಯಿತು. ಹೀಗಿರುವಾಗ ಪ್ರಶ್ನೆ ಕಾನೂನಿನದಲ್ಲ, ಧರ್ಮದ್ದು.

ಜೈನ ಗೃಹಸ್ಥನ ಅಡುಗೆಮನೆಯ ಶುದ್ಧಿ ಸೋಗಿನದಲ್ಲವೆಂಬುದನ್ನು ಒಪ್ಪಲೇಬೇಕು. ಅಜ್ಜಿ ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ಮನೆಯಲ್ಲಿ ಮಾಂಸ ಬೇಯಿಸಬೇಡಿರೆಂದು ಕೇಳುವುದು ನ್ಯಾಯವಾದ ಕೋರಿಕೆ. ಅದನ್ನು ಬಾಡಿಗೆ ಕರಾರಿನಲ್ಲಿ ಒಂದು ಸಾಲಾಗಿ ಬರೆಯಬಹುದು, ಒಪ್ಪುವವರು ಒಪ್ಪುತ್ತಾರೆ. ಆದರೆ ಮನೆಯೊಳಗೆ ಏನು ಬೇಯುತ್ತದೆ ಎಂಬುದು ಒಂದು ಪ್ರಶ್ನೆ, ಬಾಗಿಲಲ್ಲಿ ನಿಂತವನ ಮುಖ ಹೇಗಿದೆ ಎಂಬುದು ಬೇರೊಂದು. ಮೊದಲನೆಯ ಪ್ರಶ್ನೆಯನ್ನು ಕೇಳದೆಯೇ ಎರಡನೆಯದಕ್ಕೆ ಉತ್ತರ ಕೊಟ್ಟು ಬಾಗಿಲು ಮುಚ್ಚಿದಾಗ, ಅಹಿಂಸೆಯ ಹೆಸರಿನಲ್ಲಿ ನಡೆಯುವುದು ಅಹಿಂಸೆಯಲ್ಲ. ಮಾಂಸ ತಿನ್ನುವ ಬೇರೆ ಪ್ರಾಂತದವನಿಗೆ ‘ಹೊರಗೆ ತಿಂದು ಬನ್ನಿ’ ಎಂದು ಸುಮ್ಮನಾಗುವ ಮಾಲೀಕ, ಸಸ್ಯಾಹಾರಿಯೇ ಆದ ಮಣಿಪುರದ ವೈಷ್ಣವ ಹುಡುಗಿಗೆ ಮನೆ ಖಾಲಿಯಿಲ್ಲವೆಂದರೆ, ಅಲ್ಲಿ ಆಹಾರ ಬರಿಯ ನೆಪ.

ವಾಸನೆಯ ಮಾತೂ ಆಗಾಗ ಬರುತ್ತದೆ. 2007ರಲ್ಲಿ ದೆಹಲಿ ಪೊಲೀಸರೇ ಈಶಾನ್ಯದ ವಿದ್ಯಾರ್ಥಿಗಳಿಗೆಂದು ಹೊರತಂದ ಕಿರುಪುಸ್ತಕವೊಂದು, ಕಳಲೆ ಮತ್ತು ಹುದುಗಿಸಿದ ಸೋಯಾದ ಅಖುನಿಯಂಥ ಅಡುಗೆಗಳನ್ನು ನೆರೆಹೊರೆಗೆ ತೊಂದರೆಯಾಗದಂತೆ ಮಾಡಿರೆಂದು ಉಪದೇಶಿಸಿತ್ತು. ಎರಡೂ ಗಿಡದಿಂದ ಬಂದವೇ. ಕಳಲೆಯ ಘಾಟು ಎಂಥದೆಂದು ಮಲೆನಾಡಿಗೂ ತುಳುನಾಡಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ನಗರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ನಾಗಾಲ್ಯಾಂಡಿನ ದಿಮಾಪುರದ ನಡುವೆ 1947ರಲ್ಲಿ ಕಟ್ಟಿದ ದಿಗಂಬರ ಜೈನ ಮಂದಿರವಿದೆ; ಗಾಜಿನ ಕುಸುರಿಗೆ ಹೆಸರಾದ ಅದನ್ನು ಊರಿನ ಪ್ರೇಕ್ಷಣೀಯ ಸ್ಥಳವೆಂದು ತೋರಿಸಲಾಗುತ್ತದೆ. ಜೈನರ ಹೆಸರಿನ ಶಾಲೆಯೂ ಅಲ್ಲಿದೆ. ಇಂಫಾಲದಲ್ಲಿಯೂ ಗುವಾಹಟಿಯಲ್ಲಿಯೂ ಜೈನ ವರ್ತಕ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಬಹುಪಾಲು ಕ್ರೈಸ್ತರಾದ, ಹಂದಿಮಾಂಸ ಹಬ್ಬದೂಟವಾಗಿರುವ ಜನರ ನಡುವೆ ತೀರ್ಥಂಕರರ ಪೂಜೆ ಮುಂಜಾನೆ ನಡೆಯುತ್ತದೆ. ಹೊರಗಿನವರ ವಿರುದ್ಧ ಅಲ್ಲಿಯೂ ಅಸಹನೆಯ ಗಳಿಗೆಗಳು ಬಂದಿವೆ, ವರ್ತಕರು ಬೆದರಿಕೆಯ ವಸೂಲಿಯನ್ನು ಅನುಭವಿಸಿದ್ದಾರೆ, ಅದನ್ನು ಮರೆಮಾಚಬೇಕಿಲ್ಲ. ಆದರೂ ಮಂದಿರ ಇದೆ, ಅಂಗಡಿಗಳು ಇವೆ. ಅಲ್ಲಿನ ಜೈನರಿಗೆ ದೊರೆತ ಆಶ್ರಯಕ್ಕೆ ದೆಹಲಿಯ, ಬೆಂಗಳೂರಿನ ಜೈನರು ಏನನ್ನು ಹಿಂದಿರುಗಿಸಿದ್ದಾರೆ?

ಪ್ರವೇಶಾತಿಯ ಕಾಲ ಬಂದಾಗ ಮುನಿರ್ಕಾದ ಗಲ್ಲಿಗಳಲ್ಲಿ ಮನೆ ಹುಡುಕುವ ವಿದ್ಯಾರ್ಥಿಗಳ ಓಡಾಟ ಹೆಚ್ಚುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಚಾತುರ್ಮಾಸವೂ ಆರಂಭವಾಗುತ್ತದೆ. ಊರೂರಿನ ಜೈನ ಸಮಾಜಗಳು ಸಭೆ ಸೇರುತ್ತವೆ, ಮುನಿಗಳ ಪ್ರವಚನ ಕೇಳುತ್ತವೆ, ದಾನದ ಪಟ್ಟಿ ಓದುತ್ತವೆ. ಬಾಡಿಗೆಗೆ ಮನೆಯುಳ್ಳ ಶ್ರಾವಕರು ಫಲಕದ ಬದಲು ಕರಾರಿನಲ್ಲಿ ಅಡುಗೆಯ ನಿಯಮವನ್ನು ಬರೆದು, ಒಪ್ಪಿದವರು ಯಾವ ರಾಜ್ಯದವರಾದರೂ ಬೀಗದ ಕೈ ಕೊಡುವುದೆಂಬ ಒಂದು ಠರಾವನ್ನು ಅಂಥ ಸಭೆಯೊಂದು ಮಂಡಿಸಬಹುದು. ಸಮಾಜದ ವಿದ್ಯಾರ್ಥಿ ನಿಲಯಗಳಲ್ಲಿ ಈಶಾನ್ಯದ ಮಕ್ಕಳಿಗೆಂದು ಕೆಲವು ಕೊಠಡಿಗಳನ್ನು, ನಿಲಯದ ಆಹಾರ ನಿಯಮ ಸಡಿಲಿಸದೆಯೇ, ಕಾದಿರಿಸುವುದೂ ಕಷ್ಟದ್ದಲ್ಲ. ವಿದೇಶಾಂಗ ಸಚಿವಾಲಯದ ಅಪ್ಪಣೆ ಇದಕ್ಕೆ ಬೇಕಿಲ್ಲ. ಸಭೆಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿಸುವವರು ಬೇಕು.