ಲಾಡ್ಜಿನ ಮೇಸನ್ನರೂ ಅಡ್ಡೆಯ ಗೌಂಡಿಗಳೂ

ಮೊನ್ನೆ ಚಹಾದಂಗಡಿಯ ಬೆಂಚಿನ ಮೇಲೆ ಒಂದು ಪ್ರಶ್ನೆ ಬಿತ್ತು. ಫ್ರೀಮೇಸನ್ನರ ವಾರ್ಷಿಕ ಮಹಾಸಭೆಯ ಮಾತನ್ನು ಯಾರೋ ಎತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಕಿರಾಣಿ ಅಂಗಡಿ ಯಜಮಾನರು ಕೇಳಿದರು: "ಮೇಸನ್ ಅಂದ್ರ ಗೌಂಡಿ ಅಲ್ಲೇನ್ರಿ? ಗೌಂಡಿಗಳಿಗೂ ಮಹಾಸಭೆ ಐತೇನು? ಅದೂ ಲಾಡ್ಜಿನಾಗ?" ಕೂತವರೆಲ್ಲ ನಕ್ಕರು. ನಾವೂ ನಕ್ಕೆವು. ಮನೆಗೆ ಬಂದ ಮೇಲೆ ಅನಿಸಿತು, ಆ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ.

ಫ್ರೀಮೇಸನ್ನರು ಎಂದರೆ ಇಂದು ಕಲ್ಲು ಕಟ್ಟುವವರಲ್ಲ. ವಕೀಲರು, ಡಾಕ್ಟರು, ವ್ಯಾಪಾರಸ್ಥರು, ನಿವೃತ್ತ ಅಧಿಕಾರಿಗಳು, ಇಂಥವರ ಸಂಘ ಅದು. ಒಂದೊಂದು ಊರಿನ ಶಾಖೆಗೆ ಲಾಡ್ಜ್ ಎಂದು ಹೆಸರು. ಲಾಡ್ಜುಗಳ ಮೇಲೆ ಗ್ರ್ಯಾಂಡ್ ಲಾಡ್ಜ್. ಅಮೆರಿಕಾದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಗ್ರ್ಯಾಂಡ್ ಲಾಡ್ಜ್ ಉಂಟು, ವರ್ಷಕ್ಕೊಮ್ಮೆ ರಾಜ್ಯದ ಮಹಾಸಭೆ ಉಂಟು. ನಮ್ಮಲ್ಲಿ ಹಾಗಿಲ್ಲ. 1961ರ ನವೆಂಬರ್ 24ರಂದು ದಿಲ್ಲಿಯಲ್ಲಿ ಇಡೀ ದೇಶಕ್ಕೆ ಒಂದೇ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾಯಿತು. ಅದರ ಕೆಳಗೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ನಾಲ್ಕು ಪ್ರಾಂತಗಳು. ಕರ್ನಾಟಕದ ಲಾಡ್ಜುಗಳು ದಕ್ಷಿಣ ಪ್ರಾಂತಕ್ಕೆ ಸೇರಿದವು. ಅದರ ಗಾದಿ ಚೆನ್ನೈ. ಆದ್ದರಿಂದ ಬೆಂಗಳೂರಿನ ಮೇಸನ್ ಮಹಾಶಯರು ದೊಡ್ಡ ಸಭೆ ಎಂದರೆ ಚೆನ್ನೈ ಕಡೆಗೋ ದಿಲ್ಲಿ ಕಡೆಗೋ ಮುಖ ಮಾಡಬೇಕು.

ಸಭೆಯಲ್ಲಿ ಏನು ನಡೆಯುತ್ತದೆ? ವರ್ಷದ ಜಮಾ ಖರ್ಚು, ಹೊಸ ಪದಾಧಿಕಾರಿಗಳ ಪದಗ್ರಹಣ, ದಾನಧರ್ಮದ ವರದಿ, ಆಮೇಲೆ ಊಟ. ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡಿರುತ್ತಾರೆ. ಮುಂದೆ ಪೀಠದ ಮೇಲೆ ಭಗವದ್ಗೀತೆ, ಕುರಾನು, ಬೈಬಲ್, ಗ್ರಂಥಸಾಹೇಬ್ ಇಟ್ಟಿರುತ್ತಾರೆ. ದೇವರೊಬ್ಬನನ್ನು ನಂಬದವನಿಗೆ ಪ್ರವೇಶವಿಲ್ಲ. ಹೆಂಗಸರಿಗೂ ಇಲ್ಲ. ಲಾಡ್ಜಿನೊಳಗೆ ರಾಜಕೀಯ, ಧರ್ಮ ಎರಡನ್ನೂ ಚರ್ಚಿಸಬಾರದು ಎಂಬುದು ಕಟ್ಟಳೆ. (ಈ ಎರಡು ಬಿಟ್ಟರೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮಾತನಾಡಲು ಉಳಿಯುವುದು ಮಳೆಯೊಂದೇ.)

ಬಾಗಿಲು ಹಾಕಿಕೊಂಡು ಸಭೆ ಮಾಡುವುದರಿಂದ ಜನ ಏನೇನೋ ಆಡಿಕೊಂಡದ್ದುಂಟು. ಉತ್ತರ ಹಿಂದುಸ್ಥಾನದಲ್ಲಿ ಲಾಡ್ಜ್ ಕಟ್ಟಡಕ್ಕೆ 'ಜಾದೂ ಘರ್' ಎಂದೇ ಹೆಸರು ಬಿದ್ದಿತ್ತು. ಇಂಥ ಕಥೆಗಳನ್ನು ನಾವು ನಂಬುವವರಲ್ಲ. ನಮ್ಮ ತಕರಾರು ಬೇರೆ.

ಲಾಡ್ಜ್ ಎಂಬ ಶಬ್ದವನ್ನೇ ನೋಡಿರಿ. ಹೊಸಪೇಟೆಯಲ್ಲಿ ಲಾಡ್ಜ್ ಎಂದರೆ ಹಂಪಿ ನೋಡಲು ಬಂದವರು ರೂಮು ಹಿಡಿಯುವ ಜಾಗ. ಫ್ರೀಮೇಸನ್ನರಿಗೆ ಅದು ಸಭಾಭವನ. ಆದರೆ ಮೂಲದಲ್ಲಿ ಅದು ಎರಡೂ ಅಲ್ಲ. ಯುರೋಪಿನಲ್ಲಿ ದೊಡ್ಡ ದೊಡ್ಡ ಇಗರ್ಜಿಗಳನ್ನು ಕಟ್ಟುವಾಗ ಕೆಲಸದ ಜಾಗಕ್ಕೆ ತಾಗಿ ಒಂದು ಗುಡಿಸಲು ಹಾಕುತ್ತಿದ್ದರು. ಕಲ್ಲುಕುಟಿಗರು ಅಲ್ಲಿ ಉಳಿ ಸುತ್ತಿಗೆ ಇಡುತ್ತಿದ್ದರು, ಮಳೆ ಬಂದರೆ ಒಳಗೆ ಕೂತು ಕಲ್ಲು ಕೆತ್ತುತ್ತಿದ್ದರು, ಬುತ್ತಿ ಉಣ್ಣುತ್ತಿದ್ದರು, ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಲಾಡ್ಜ್ ಅಂದರೆ ಅದೇ, ಗೌಂಡಿಗಳ ನೆರಳು.

ಆ ಗುಟ್ಟಿನ ಸಂಕೇತ, ಕೈಕುಲುಕುವ ವಿಶೇಷ ಪದ್ಧತಿ ಬಂದದ್ದಕ್ಕೂ ಹಿಂದೆ ಹೊಟ್ಟೆಪಾಡಿನ ಕಾರಣವಿತ್ತೆಂದು ಕಾಣುತ್ತದೆ. ಕಲ್ಲುಕೆಲಸದವನು ಊರಿಂದ ಊರಿಗೆ ಅಲೆಯುವವನು. ಹೊಸ ಊರಿನಲ್ಲಿ ತಾನು ಕಸುಬು ಕಲಿತವನೆಂದು ತೋರಿಸುವುದು ಹೇಗೆ? ಕಾಗದವಿಲ್ಲ, ಓದು ಬರಹವಿಲ್ಲ. ಸ್ಕಾಟ್‌ಲೆಂಡಿನ ಮೇಸನ್ನರು ತಮ್ಮೊಳಗೆ ಒಂದು ಗುಟ್ಟಿನ ಮಾತು ಇಟ್ಟುಕೊಂಡಿದ್ದರು. ಅದನ್ನು ಹೇಳಿದವನು ನಮ್ಮವನು, ಕೆಲಸ ಕೊಡಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಲೇಬರ್ ಕಾರ್ಡು. 1598ರಲ್ಲಿ ವಿಲಿಯಂ ಶಾ ಎಂಬ ಅರಮನೆಯ ಅಧಿಕಾರಿ ಅಲ್ಲಿನ ಲಾಡ್ಜುಗಳಿಗೆ ನಿಯಮಾವಳಿಯನ್ನೇ ಬರೆದು ಕೊಟ್ಟ.

ಆಮೇಲೆ ಒಂಟೆ ಡೇರೆಗೆ ತಲೆ ಹಾಕಿತು. ಮುಂದಿನ ನೂರು ವರ್ಷದಲ್ಲಿ ಜಮೀನ್ದಾರರೂ ಪಂಡಿತರೂ ಕುತೂಹಲಕ್ಕೆಂದು ಒಬ್ಬೊಬ್ಬರಾಗಿ ಒಳಗೆ ಬಂದರು. 1717ರಲ್ಲಿ ಲಂಡನ್ನಿನ ಒಂದು ಹೆಂಡದಂಗಡಿಯಲ್ಲಿ ನಾಲ್ಕು ಲಾಡ್ಜುಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಕಟ್ಟಿದವೆಂಬುದು ಅವರೇ ಹೇಳುವ ಇತಿಹಾಸ. ಅಷ್ಟು ಹೊತ್ತಿಗೆ ಸುತ್ತಿಗೆ ಹಿಡಿಯುವವನು ಹೊರಗೆ, ಸುತ್ತಿಗೆಯ ಚಿಹ್ನೆ ಹಿಡಿಯುವವನು ಒಳಗೆ. ಮೂಲೆಮಟ್ಟ ಎಂದರೆ ನಡತೆ ನೆಟ್ಟಗಿರಲಿ, ಕೈವಾರ ಎಂದರೆ ಆಸೆಗೆ ಮಿತಿ ಇರಲಿ, ಉಳಿ ಎಂದರೆ ವಿದ್ಯೆ, ಹೀಗೆ ಒಂದೊಂದು ಹತಾರಕ್ಕೆ ಒಂದೊಂದು ನೀತಿ. ನೀತಿ ಒಳ್ಳೆಯದೇ. ಹತಾರದ ಮಾಲೀಕ ಎಲ್ಲಿ ಹೋದ ಎಂದು ಮಾತ್ರ ಯಾರೂ ಕೇಳಲಿಲ್ಲ.

ಸಹೋದರತ್ವದ ಬಾಗಿಲು ಎಷ್ಟು ಅಗಲ ಎಂಬುದಕ್ಕೂ ಲೆಕ್ಕವಿದೆ. ಕಲ್ಕತ್ತೆಯಲ್ಲಿ ಮೊದಲ ಲಾಡ್ಜ್ ಆದದ್ದು 1730ರ ಸುಮಾರಿಗೆ. ಅದೇ ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತ ಎಂಬ ಹಿಂದೂ ವರ್ತಕರು 1863ರಲ್ಲಿ ಅರ್ಜಿ ಹಾಕಿದರೆ ಒಳಗೆ ಬಿಟ್ಟದ್ದು 1872ರಲ್ಲಿ. ಒಂಬತ್ತು ವರ್ಷ ಹೊಸ್ತಿಲ ಮೇಲೆ ನಿಲ್ಲಿಸಿದರು. ನರೇಂದ್ರನಾಥ ದತ್ತ, ಅಂದರೆ ಮುಂದಿನ ವಿವೇಕಾನಂದರು, 1884ರಲ್ಲಿ ಸೇರಿದ್ದು ಆ ಬಾಗಿಲು ತೆರೆದ ಮೇಲೆ. ಅಮೆರಿಕಾದ ಕಥೆ ಇನ್ನೂ ಉದ್ದ. ಬಾಸ್ಟನ್ನಿನ ಕರಿಯ ಜನಾಂಗದ ಪ್ರಿನ್ಸ್ ಹಾಲ್ ಎಂಬಾತ ಹದಿನಾಲ್ಕು ಸಂಗಡಿಗರೊಂದಿಗೆ 1775ರಲ್ಲಿ ಮೇಸನ್ ಆದ. ಊರಿನ ಬಿಳಿಯ ಮೇಸನ್ನರು ಅವರನ್ನು ತಮ್ಮವರೆನ್ನಲಿಲ್ಲ. 1784ರಲ್ಲಿ ಲಂಡನ್ನಿನಿಂದ ಸನದು ತರಿಸಿಕೊಂಡು ಬೇರೆ ಲಾಡ್ಜನ್ನೇ ಕಟ್ಟಿದರು. ಅವನ ಹೆಸರಿನ ಗ್ರ್ಯಾಂಡ್ ಲಾಡ್ಜುಗಳು ಇಂದಿಗೂ ರಾಜ್ಯ ರಾಜ್ಯದಲ್ಲಿ ವರ್ಷಕ್ಕೊಮ್ಮೆ ಸಭೆ ಸೇರುತ್ತವೆ. ಬಿಳಿಯರ ಕಡೆಯಿಂದ ಉಳಿಯುವಂಥ ಮನ್ನಣೆ ಮೊದಲು ಸಿಕ್ಕಿದ್ದು 1989ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ. ಇನ್ನೂರು ವರ್ಷ!

ಇಷ್ಟೆಲ್ಲ ದೂರದ ಮಾತು ಯಾಕೆ ಎನ್ನುತ್ತೀರಾ? ನಮ್ಮ ಊರೇ ಮೇಸನ್ನರ ಊರು, ಅದಕ್ಕೆ.

ಹಂಪಿಗೆ ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿರಿ. ಬಂಡೆಗಳ ಮೇಲೆ ಹಲ್ಲಿನ ಸಾಲಿನಂತೆ ಚೌಕದ ತೂತುಗಳು ಕಾಣುತ್ತವೆ. ಕಲ್ಲು ಸೀಳಲು ಬೆಣೆ ಹೊಡೆದ ಗುರುತು. ಐನೂರು ವರ್ಷದ ಹಿಂದೆ ಯಾರೋ ಹೊಡೆದು, ಅರ್ಧಕ್ಕೆ ಬಿಟ್ಟು ಎದ್ದುಹೋದ ಹಾಗಿದೆ. ಅವರ ಹೆಸರಿಲ್ಲ. ಕೃಷ್ಣದೇವರಾಯ ದೊಡ್ಡ ಕೆರೆ ಕಟ್ಟಿಸುತ್ತಿದ್ದುದನ್ನು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಪಾಯೆಸ್ ಕಣ್ಣಾರೆ ನೋಡಿ ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿದ್ದರಂತೆ, ನೆಲವೇ ಕಾಣುತ್ತಿರಲಿಲ್ಲವಂತೆ. ಆ ಕೆರೆ ನಮ್ಮ ಹೊಸಪೇಟೆಯ ರಾಯರ ಕೆರೆಯೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಅನಂತರ ಬಂದ ನೂನಿಜ್ ಒಬ್ಬ ಕಲ್ಲುಕೆಲಸದವನ ಹೆಸರು ಹೇಳುತ್ತಾನೆ, ಜುವಾವ್ ದೆ ಲಾ ಪೊಂತೆ. ಗೋವೆಯಿಂದ ಕರೆಸಿದ ಪರಂಗಿ. ಹೊರಗಿನಿಂದ ಬಂದ ಒಬ್ಬನಿಗೆ ಹೆಸರು, ಇಲ್ಲಿನ ಇಪ್ಪತ್ತು ಸಾವಿರ ಮಂದಿ ಇರುವೆ.

ತುಂಗಭದ್ರಾ ಅಣೆಕಟ್ಟು ತೆಗೆದುಕೊಳ್ಳಿ. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು ನಿಂತಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಈ ಕಟ್ಟೆ ಕಾಂಕ್ರೀಟಿನದಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕೂಡಿಸಿದ್ದು. ಎಂಜಿನಿಯರ್ ತಿರುಮಲೆ ಅಯ್ಯಂಗಾರರ ಹೆಸರು ಊರಿಗೆ ಗೊತ್ತು, ಗೊತ್ತಿರಬೇಕಾದ್ದೇ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ತಡೆ ಹಲಗೆ ಇಳಿಸಿತು. ಅವರಿಗೂ ನಮಸ್ಕಾರ. ಆದರೆ ಒಂದು ಮಾತು ಯಾರೂ ಆಡಲಿಲ್ಲ. ಅಂದು ಹೋದದ್ದು ಉಕ್ಕಿನ ಗೇಟು. ಎಪ್ಪತ್ತು ವರ್ಷದ ಹಿಂದೆ ಗೌಂಡಿಗಳು ಇಟ್ಟ ಕಲ್ಲು ನಿಂತೇ ಇತ್ತು.

ಆ ಗೌಂಡಿಗಳ ಮಕ್ಕಳು ಮೊಮ್ಮಕ್ಕಳು ಇಂದು ಎಲ್ಲಿದ್ದಾರೆ? ಬೆಳಿಗ್ಗೆ ಏಳು ಗಂಟೆಗೆ ಅಂಗಡಿ ಬಾಗಿಲು ತೆಗೆಯುವವರಿಗೆ ಗೊತ್ತು. ಕೂಡುರಸ್ತೆಯ ಅಡ್ಡೆಯಲ್ಲಿ ನಿಂತಿರುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಕರಣೆ, ರಸಮಟ್ಟ, ತೂಗುಗುಂಡು. ಕಂಪ್ಲಿ ಕಡೆಯಿಂದ ಮೊದಲ ಬಸ್ಸಿಗೆ ಬಂದವರು, ಸಂಡೂರು ರಸ್ತೆಯ ಹಳ್ಳಿಗಳಿಂದ ಬಂದವರು. ಹೆಂಗಸರು ಬುಟ್ಟಿ ತಂದಿರುತ್ತಾರೆ, ಕೆಲವರು ಕೂಸು ಸಮೇತ. ಮೇಸ್ತ್ರಿ ಬಂದು ಬೆರಳೆಣಿಸಿ ಕರೆದುಕೊಂಡು ಹೋಗುತ್ತಾನೆ. ಹತ್ತು ಗಂಟೆಯಾದರೂ ಕರೆ ಬಾರದವರು ಮುಚ್ಚಿದ ಅಂಗಡಿಯ ಕಟ್ಟೆ ಮೇಲೆ ಕೂರುತ್ತಾರೆ. ಅಂಗಡಿಯವರು ಬಂದು ಎಬ್ಬಿಸುತ್ತಾರೆ. ಗಿರಾಕಿ ಬರಬೇಕಲ್ಲ, ಅವರದೂ ತಪ್ಪಲ್ಲ. ಮಳೆ ಬಂದರೆ ಬಸ್ ಸ್ಟ್ಯಾಂಡು. ಅಲ್ಲಿ ಪ್ರಯಾಣಿಕರ ಗೊಣಗಾಟ. ಫ್ರೀಮೇಸನ್ನರ ಮಹಾಸಭೆ ವರ್ಷಕ್ಕೊಮ್ಮೆ, ನಮ್ಮ ಮೇಸನ್ನರ ಮಹಾಸಭೆ ದಿನವೂ ಉಂಟು. ಚಾವಣಿ ಇಲ್ಲ ಅಷ್ಟೇ.

ಕಾನೂನಿಲ್ಲವೇ? ಉಂಟು. 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯಿದೆ ಬಂತು. ನಮ್ಮ ರಾಜ್ಯದಲ್ಲಿ 2006ರಲ್ಲಿ ನಿಯಮ, 2007ರಲ್ಲಿ ಕಲ್ಯಾಣ ಮಂಡಳಿ. ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸೆಸ್ಸು ಇದಕ್ಕೆಂದೇ ವಸೂಲಾಗುತ್ತದೆ. ಅಂಗಡಿ ಮಳಿಗೆ, ಮಹಡಿ ಕಟ್ಟಿಸಿದ ನಮ್ಮ ಓದುಗರಲ್ಲಿ ಹಲವರು ನಕ್ಷೆ ಮಂಜೂರಾತಿಯ ಹೊತ್ತಿಗೆ ಈ ಹಣ ಕಟ್ಟಿಯೇ ಬಂದಿದ್ದೀರಿ. 18ರಿಂದ 60ರೊಳಗಿನ ವಯಸ್ಸಿನವರು, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಪಿಂಚಣಿ, ಮಕ್ಕಳ ಓದಿಗೆ ನೆರವು, ಅಪಘಾತವಾದರೆ ಪರಿಹಾರ, ಎಲ್ಲ ಕಾಗದದ ಮೇಲಿದೆ. ಸುಳ್ಳು ಕಾರ್ಡು ಮಾಡಿಸಿಕೊಂಡವರು ಹೆಚ್ಚಾದರೆಂದು ಸರಕಾರವೇ ಹೇಳಿ ಕಾರ್ಡುಗಳನ್ನು ರದ್ದು ಮಾಡಿದ್ದೂ ಆಯಿತು. ಕರಣೆ ಹಿಡಿಯದವನು ಕಾರ್ಡು ಹಿಡಿದ. ಕರಣೆ ಹಿಡಿದವನು 90 ದಿನದ ದಾಖಲೆ ತರಲು ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಹೋಗಬೇಕು. ಸಾಹೇಬರು ಸಿಗದಿದ್ದರೆ ಇನ್ನೊಂದು ದಿನದ ಕೂಲಿ. ಮೂರನೆಯ ಸಲಕ್ಕೆ ಅವನು ಹೋಗುವುದೇ ಇಲ್ಲ.

ಇನ್ನೊಂದು ವಿಚಿತ್ರ ಕೇಳಿ. ಗಣಿ ಕಾಯಿದೆಗೆ ಒಳಪಟ್ಟ ಕೆಲಸ 1996ರ ಆ ಕಾಯಿದೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಕ್ವಾರಿಯಲ್ಲಿ ಕಲ್ಲು ಒಡೆಯುವ ಅಣ್ಣ ಒಂದು ಕಾನೂನಿಗೆ, ಅದೇ ಕಲ್ಲನ್ನು ಗೋಡೆಗೆ ಕೂರಿಸುವ ತಮ್ಮ ಇನ್ನೊಂದು ಕಾನೂನಿಗೆ. ಸಂಡೂರಿನಲ್ಲಿ 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಗಣಿ ನಿಂತಾಗ ಕೆಲಸ ಹುಡುಕಿಕೊಂಡು ಬಂದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರಬೇಕು. ಸಾಲದ್ದಕ್ಕೆ 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಹೊಸಪೇಟೆ ಇತ್ತ ಬಂತು, ಸಂಡೂರು ಕಂಪ್ಲಿ ಬಳ್ಳಾರಿಗೇ ಉಳಿದವು. ಆಳಿನ ಮನೆ ಒಂದು ಜಿಲ್ಲೆ, ಕೂಲಿ ಇನ್ನೊಂದು ಜಿಲ್ಲೆ. ಯಾವ ಕಚೇರಿಗೆ ಹೋಗಬೇಕೆಂದು ಅಡ್ಡೆಯಲ್ಲಿ ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಾರೆ.

2023ರ ಮೇ ತಿಂಗಳಲ್ಲಿ ಕಾರ್ಮಿಕ ಸಚಿವರಾದ ಸಂತೋಷ್ ಲಾಡ್ ಅವರು 2004ರಲ್ಲಿ ಸಂಡೂರಿನಿಂದಲೇ ಆರಿಸಿ ಹೋದವರು. ಅವರಿಗೆ ಈ ರಸ್ತೆಗಳನ್ನು ನಾವು ಪರಿಚಯಿಸಬೇಕಾಗಿಲ್ಲ.

ಕೂಡಿ ಕೇಳಿದರೆ ಸಿಗುವುದಿಲ್ಲ ಎಂದಲ್ಲ. ಅಳಿಯ ರಾಮರಾಯನ ಕಾಲದಲ್ಲಿ ಕೊಂಡೋಜನೆಂಬ ಕ್ಷೌರಿಕ ತನ್ನ ಕಸುಬಿನವರ ತೆರಿಗೆ ಮಾಫಿ ಮಾಡಿಸಿದ ಸಂಗತಿ ಶಾಸನಗಳಲ್ಲೇ ಉಂಟು. ಆದರೆ ಅರಸನ ಗಡ್ಡ ಅವನ ಕೈಯಲ್ಲಿತ್ತು. ನಮ್ಮ ಗೌಂಡಿಯ ಕೈಯಲ್ಲಿ ಬರೀ ನಮ್ಮ ಮನೆ ಗೋಡೆ.

ನಾವು ಕೇಳುವುದು ದೊಡ್ಡದಲ್ಲ. ಅಡ್ಡೆಯ ಹತ್ತಿರ ಒಂದು ತಗಡಿನ ಶೆಡ್ಡು, ಒಂದು ನಲ್ಲಿ, ಹೆಂಗಸರಿಗೊಂದು ಪಾಯಿಖಾನೆ. ನೋಂದಣಿಯ ಮೇಜನ್ನು ಕಚೇರಿಯಲ್ಲಿ ಇಡುವ ಬದಲು ತಿಂಗಳಿಗೊಂದು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಅಡ್ಡೆಗೇ ತನ್ನಿ, ಎರಡೂ ಜಿಲ್ಲೆಯವರು ಜೊತೆಗೆ ಕೂರಿ. ಹಣಕ್ಕೆ ಸೆಸ್ಸು ಉಂಟು.

ಫ್ರೀಮೇಸನ್ನರ ವಿಧಿಯಲ್ಲಿ ಒಂದು ಪದ್ಧತಿ ಇದೆ. ಲಾಡ್ಜ್ ಮುಚ್ಚುವ ಮೊದಲು ಪ್ರತಿಯೊಬ್ಬನಿಗೂ ಅವನಿಗೆ ಸಲ್ಲಬೇಕಾದ್ದು ಸಂದಿದೆಯೇ ಎಂದು ನೋಡುವ ಕೆಲಸವನ್ನು ಒಬ್ಬ ಪದಾಧಿಕಾರಿಗೆ ಒಪ್ಪಿಸಿರುತ್ತಾರೆ. ಶನಿವಾರದ ಬಟವಾಡೆ ಸೋಮವಾರಕ್ಕೆ ತಳ್ಳುವ ನಮ್ಮ ಕಂತ್ರಾಟುದಾರರಿಗೆ ಇದನ್ನು ಯಾರಾದರೂ ಓದಿ ಹೇಳಲಿ. ಮೇಸನ್ ಮಹಾಶಯರ ಬಗ್ಗೆ ನಮಗೆ ದ್ವೇಷವಿಲ್ಲ, ದಾನ ಮಾಡುವವರು ಮಾಡಲಿ. ಹಂಪಿ ನೋಡಲು ಬರುವ ಮೇಸನ್ನರು ಬೆಳಿಗ್ಗೆ ಏಳಕ್ಕೆ ಒಮ್ಮೆ ಅಡ್ಡೆಗೂ ಬಂದು ನಿಲ್ಲಲಿ. ಲಾಡ್ಜ್ ಎಂದರೆ ಮೊದಲು ಏನಿತ್ತೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಕಟ್ಟಿಸಿಕೊಡಲಿ. ಕಟ್ಟುವ ಕೈಗಳು ಅಲ್ಲೇ ನಿಂತಿವೆ.

ನಗರಾಡಳಿತದವರು ಜಾಗ ಯಾವುದೆಂದು ತಿಳಿಸಿದರೆ ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.